‘ವೋಲ್’ ಎಂಬ ಪ್ರಾಣಿಗೆ ಕನ್ನಡದ ಹೆಸರು: ಹಿಮಾಲಯದ ಆಲ್ಟಿಕೋಲ ರಾಯ್ಲಿಯನ್ನು ಕುರಿತು

ಮಾನ್ಯರೇ,

ಪಶ್ಚಿಮ ಹಿಮಾಲಯದ ಸಣ್ಣ ಸಸ್ತನಿಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದು, ಅದರಲ್ಲಿ ಬಂದ ಒಂದು ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ. ಇಂಗ್ಲಿಷಿನವರು ‘ರಾಯ್ಲ್ಸ್ ಮೌಂಟನ್ ವೋಲ್’ ಎಂದೂ ಪ್ರಾಣಿಶಾಸ್ತ್ರಜ್ಞರು ‘ಆಲ್ಟಿಕೋಲ ರಾಯ್ಲಿ’ ಎಂದೂ ಕರೆಯುವ ದಂಶಕವೊಂದು ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಗಳ ಎತ್ತರದ ಇಳಿಜಾರುಗಳಲ್ಲಿ, ಮರಗಳು ಮುಗಿದು ಅಲ್ಲಿಯವರು ಬುಗ್ಯಾಲ್ ಎನ್ನುವ ಹುಲ್ಲುಗಾವಲು ತೊಡಗುವ ಆಸುಪಾಸಿನಲ್ಲಿ, ಬಂಡೆಗಳ ಸಂದುಗಳನ್ನೇ ಮನೆ ಮಾಡಿಕೊಂಡು ಬದುಕುತ್ತದೆ. ಚಾರಣಕ್ಕೆ ಹೋದವರು ಕಂಡರೂ ‘ಯಾವುದೋ ಇಲಿ’ ಎಂದು ಮುಂದೆ ನಡೆಯುವಷ್ಟು ಸಾಮಾನ್ಯವಾದ ರೂಪ ಅದರದು.

ಅದನ್ನು ‘ಇಲಿ’ ಎಂದಷ್ಟೇ ಬರೆದರೆ ಬರಹದ ಉದ್ದೇಶವೇ ಕೆಡುತ್ತದೆ. ನಮ್ಮ ಮನೆಯ ಇಲಿ, ಹೆಗ್ಗಣಗಳು ಮ್ಯೂರಿಡೇ ಕುಟುಂಬಕ್ಕೆ ಸೇರಿದರೆ, ವೋಲ್‌ಗಳು ಹ್ಯಾಮ್‌ಸ್ಟರ್ ಮತ್ತು ಲೆಮ್ಮಿಂಗ್‌ಗಳ ಜೊತೆ ಕ್ರಿಸೆಟಿಡೇ ಕುಟುಂಬದಲ್ಲಿವೆ. ಮೊಂಡು ಮೂತಿ, ತುಪ್ಪಳದಲ್ಲಿ ಅರ್ಧ ಹುದುಗಿದ ಕಿವಿ, ಗುಂಡಗಿನ ಮೈ, ಮೈಗಿಂತ ಬಹಳ ಗಿಡ್ಡವಾದ ಬಾಲ ಇವುಗಳ ಲಕ್ಷಣ. ನಮ್ಮ ಅಟ್ಟದ ಕಪ್ಪಿಲಿಯ ಬಾಲವಾದರೋ ಮೈಗಿಂತ ಉದ್ದ. ವೋಲ್‌ಗಳ ದವಡೆ ಹಲ್ಲುಗಳ ಮೇಲೆ ಅಂಕುಡೊಂಕಾದ ತ್ರಿಕೋನಗಳ ಸಾಲಿರುತ್ತದೆ, ಒರಟು ಹುಲ್ಲನ್ನು ಅರೆಯಲು ಅದೇ ಸಾಧನ. ಚಳಿಗಾಲವನ್ನು ಇವು ನಿದ್ರೆಯಲ್ಲಿ ಕಳೆಯುವುದಿಲ್ಲ.

ಮೊದಲು ಹೊಳೆದ ಪದ ‘ಹೊಲದಿಲಿ’. ಇಂಗ್ಲಿಷಿನ ‘ವೋಲ್’ ಕೂಡ ಬಯಲು ಅಥವಾ ಹೊಲ ಎಂಬ ಅರ್ಥದ ನಾರ್ವೆ ಕಡೆಯ ಪದದಿಂದ ಬಂದದ್ದಾದ್ದರಿಂದ ಇದಕ್ಕೆ ಒಂದು ಬಗೆಯ ಸಮರ್ಥನೆಯೂ ಇದೆ. ಜಾನ್ ಎಡ್ವರ್ಡ್ ಗ್ರೇ 1842ರಲ್ಲಿ ಈ ಪ್ರಾಣಿಯನ್ನು ವರ್ಣಿಸಿದಾಗ ‘ಆರ್ವಿಕೋಲ ರಾಯ್ಲಿ’ ಎಂದೇ ಹೆಸರಿಟ್ಟಿದ್ದರು. ಲ್ಯಾಟಿನ್ನಿನಲ್ಲಿ ಆರ್ವಿಕೋಲ ಎಂದರೆ ಉತ್ತ ಹೊಲದಲ್ಲಿ ವಾಸಿಸುವುದು. ಸುತ್ತ ಬಂಡೆಯಲ್ಲದೆ ಹೊಲವೆಂಬುದೇ ಇಲ್ಲದ ಕಡೆ ಬಾಳುವ ಪ್ರಾಣಿಗೆ ಆ ಹೆಸರು ಹೊಂದಲಿಲ್ಲ. 1881ರಲ್ಲಿ ಬ್ಲಾನ್‌ಫರ್ಡ್ ಇಂಥವುಗಳಿಗಾಗಿ ‘ಆಲ್ಟಿಕೋಲ’, ಅಂದರೆ ಎತ್ತರದಲ್ಲಿ ವಾಸಿಸುವುದು, ಎಂಬ ಹೆಸರನ್ನು ತಂದರು. ವಿಜ್ಞಾನವೇ ಕೈಬಿಟ್ಟ ಹೊಲವನ್ನು ಕನ್ನಡದಲ್ಲಿ ಮತ್ತೆ ಅಂಟಿಸುವುದು ವಿಚಿತ್ರವಾದೀತು. ಇದಕ್ಕಿಂತ ದೊಡ್ಡ ಅಡ್ಡಿಯೆಂದರೆ, ನಮ್ಮ ಹೊಲಗಳಲ್ಲಿ ನಿಜವಾಗಿಯೂ ಇರುವ ಪುಟ್ಟ ‘ಮಸ್ ಬೂಡುಗ’ದಂಥ ಇಲಿಗಳಿಗೆ ಹೊಲದಿಲಿ ಎಂಬ ಮಾತು ಸಲ್ಲುತ್ತದೆ. ಕರ್ನಾಟಕದಲ್ಲಿ ವೋಲ್ ಜಾತಿಯ ಒಂದು ಪ್ರಾಣಿಯೂ ಇಲ್ಲವಾದ್ದರಿಂದ, ಓದುಗರು ತಮಗೆ ಗೊತ್ತಿರುವ ಇಲಿಯನ್ನೇ ನೆನೆಯುವುದು ಖಂಡಿತ.

‘ಬೆಟ್ಟದಿಲಿ’ ಎಂದರೆ ಸಹ್ಯಾದ್ರಿಯ ಇಲಿಗಳೂ ಬಂದು ಸೇರುತ್ತವೆ. ‘ಗಿರಿಮೂಷಿಕ’ ಎಂಬ ಸಲಹೆಯೂ ಬಂದಿದೆ. ಅದು ಗಣಪತಿಯನ್ನು ಕೂರಿಸಿಕೊಂಡು ಹೊರಟಂತೆ ನನಗೆ ಕೇಳಿಸುತ್ತದೆ. ‘ವೋಲ್’ ಎಂದು ಹಾಗೆಯೇ ಬರೆಯಬಹುದು, ಆದರೆ ಆ ಒಂದಕ್ಷರದ ಪದದಿಂದ ಕನ್ನಡ ಓದುಗನಿಗೆ ಪ್ರಾಣಿಯ ಆಕಾರವಾಗಲಿ ಗಾತ್ರವಾಗಲಿ ತಿಳಿಯುವುದಿಲ್ಲ.

ಆದ್ದರಿಂದ ನನ್ನ ಒಲವು ‘ಮೋಟಿಲಿ’ಯ ಕಡೆಗಿದೆ. ಮೋಟು ಬಾಲ, ಮೋಟು ಗೋಡೆ, ಮೋಟು ಬೀಡಿ ಎಂದು ನಾವು ದಿನವೂ ಬಳಸುವ ಮೋಟು ಇಲ್ಲಿ ಬಾಲಕ್ಕೂ ಮೂತಿಗೂ ಒಪ್ಪುತ್ತದೆ, ಸಂಧಿಯಲ್ಲಿ ತೊಡಕಿಲ್ಲ, ಮೂಗಿಲಿ ಎಂಬ ಬಳಕೆಯ ಪದ ಇದೇ ಅಚ್ಚಿನದು. ಆಲ್ಟಿಕೋಲ ಕುಲವನ್ನು ‘ಮಲೆಮೋಟಿಲಿ’ ಎಂದು ಬೇರ್ಪಡಿಸಬಹುದು. ಇದಕ್ಕೆ ಒಂದು ಆಕ್ಷೇಪವನ್ನು ನಾನೇ ಹೇಳಬೇಕು: ಗಢವಾಲದ ಅದೇ ಬಂಡೆಗಳ ನಡುವೆ ಪೈಕಾ ಎಂಬ ಇನ್ನೊಂದು ಪ್ರಾಣಿಯಿದ್ದು, ಅದಕ್ಕೆ ಹೊರಗೆ ಕಾಣುವ ಬಾಲವೇ ಇಲ್ಲ. ಮೋಟು ಎಂಬುದು ಅದಕ್ಕೇ ಹೆಚ್ಚು ಸಲ್ಲಬೇಕೆಂದು ಯಾರಾದರೂ ವಾದಿಸಬಹುದು. ಆದರೆ ಪೈಕಾ ಮೊಲದ ಬಳಗಕ್ಕೆ ಸೇರಿದ್ದು. ಅದನ್ನು ‘ಇಲಿಮೊಲ’ ಎಂದರೆ ಗೊಂದಲ ತಪ್ಪುತ್ತದೆ.

ಗೊಂದಲ ಅಲ್ಲಿಗೇ ಮುಗಿಯದಿರುವುದಕ್ಕೆ ಕಾರಣ, ಆ ಪೈಕಾದ ಹೆಸರೂ ‘ಓಕೋಟೋನ ರಾಯ್ಲಿ’. ಎರಡರಲ್ಲೂ ನೆನೆಯಲಾಗಿರುವವರು ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ, ಹಿಮಾಲಯದ ಸಸ್ಯಗಳ ಮೇಲೆ ದೊಡ್ಡ ಗ್ರಂಥ ಬರೆದ ಜಾನ್ ಫೋರ್ಬ್ಸ್ ರಾಯ್ಲ್. ‘ರಾಯ್ಲನ ಮೋಟಿಲಿ’ ಎಂದರೆ ಆತ ಸಾಕಿದ್ದ ಇಲಿಯೆನಿಸುತ್ತದೆ. ‘ರಾಯ್ಲ್ ಅವರ ಮೋಟಿಲಿ’ ಎಂದರೆ ಗೌರವ ಉಳಿದರೂ ಸಾಕಿದ ಇಲಿಯ ಭಾವ ಹೋಗುವುದಿಲ್ಲ. ನಾವು ‘ರಾಮನ್ ಪರಿಣಾಮ’ ಎನ್ನುವಾಗ ಷಷ್ಠಿಯನ್ನು ಬಿಟ್ಟೇ ಹೇಳುತ್ತೇವೆ. ಅದರಂತೆ ‘ರಾಯ್ಲ್ ಮಲೆಮೋಟಿಲಿ’ ಸಾಕೆಂದು ನನ್ನ ಅಭಿಪ್ರಾಯ. 1874ರಲ್ಲಿ ಯಾರ್ಕಂದ್ ಯಾತ್ರೆಯಿಂದ ಮರಳುವಾಗ ಲಡಾಖಿನಲ್ಲಿ ತೀರಿಕೊಂಡ ಭೂವಿಜ್ಞಾನಿ ಫರ್ಡಿನಾಂಡ್ ಸ್ಟೊಲಿಚ್ಕಾ ಹೆಸರಿನ, ಬಾಲ ಇನ್ನೂ ಗಿಡ್ಡವಾದ ‘ಆಲ್ಟಿಕೋಲ ಸ್ಟೊಲಿಚ್ಕಾನಸ್’ ಎಂಬ ಸೋದರ ಪ್ರಭೇದಕ್ಕೂ ಇದೇ ಕ್ರಮ ಹೊಂದುತ್ತದೆ.

ತಿಳಿದವರು ಎರಡು ವಿಷಯಗಳನ್ನು ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ. ಮೋಟಿಲಿ ಎಂಬ ಪದ ಯಾವುದಾದರೂ ಸೀಮೆಯ ಆಡುಮಾತಿನಲ್ಲಿ ಬೇರೆ ಪ್ರಾಣಿಗೋ, ಬೈಗುಳವಾಗಿಯೋ ಈಗಾಗಲೇ ಬಳಕೆಯಲ್ಲಿದೆಯೇ? ಹಾಗೆಯೇ, ‘ಮಲೆ’ ಎಂದೊಡನೆ ಮಳೆಕಾಡನ್ನು ನೆನೆಯುವ ಮಲೆನಾಡಿನ ಓದುಗರಿಗೆ, ಮರವೇ ಬೆಳೆಯದ ಹಿಮದ ಇಳಿಜಾರಿನ ಪ್ರಾಣಿಯನ್ನು ಮಲೆಮೋಟಿಲಿ ಎಂದರೆ ಒಪ್ಪಿಗೆಯಾದೀತೇ, ಅಥವಾ ಅಲ್ಲಿ ‘ಗಿರಿ’ಯನ್ನೇ ಉಳಿಸಿಕೊಳ್ಳುವುದು ಲೇಸೇ?