ಅಪ್‌ಡೇಟ್: ರಾಜಾ ಮನೆಯಲ್ಲೇ ಇದ್ದಾನೆ

ಕಲಬುರಗಿಯ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನಾಯಿ ಸಾಕಬಾರದು ಅಂತ ನೋಟಿಸ್ ಬಂದಿದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆನಲ್ಲ. ಬಗೆಹರಿಯಿತು. ರಾಜಾ ಈಗ ನನ್ನ ಚಪ್ಪಲಿ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾನೆ.

ಪೊಲೀಸರಿಗೆ ದೂರು ಕೊಡಿ ಅಂದಿದ್ದಿರಿ, ಕೊಡಲಿಲ್ಲ. ದಿನಾ ಲಿಫ್ಟ್‌ನಲ್ಲಿ ಸಿಗೋ ಜನ, ಅಲ್ವಾ? ಎಲ್ಲರಿಗೂ ಪೇಡಾ ಹಂಚಿ ಅನ್ನೋ ಸಲಹೆ ಮಾಡಿ ನೋಡಿದೆ. ಪೇಡಾ ಖಾಲಿಯಾಯಿತು, ನೋಟಿಸ್ ಹಾಗೇ ಉಳಿಯಿತು.

ಕೆಲಸಕ್ಕೆ ಬಂದದ್ದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ. ಬಹುಮತದ ನಿರ್ಣಯ ಮಾಡಿದರೂ ಸಾಕುನಾಯಿಗೆ ನಿಷೇಧ ಹಾಕುವಂತಿಲ್ಲ ಅಂತ ಅದರಲ್ಲಿದೆ. ಬರೀ ಅದನ್ನೇ ತೋರಿಸಿದ್ದರೆ ಜಗಳ ಜಾಸ್ತಿ ಆಗುತ್ತಿತ್ತೇನೋ. ಜೊತೆಗೆ ರೇಬಿಸ್ ಲಸಿಕೆಯ ಪುಸ್ತಕ ಇಟ್ಟೆ. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ತಾರೀಖನ್ನು ಎರಡು ಸಲ ಓದಿದರು. ಆಮೇಲೆ ದನಿ ಇಳಿಯಿತು.

ಅಸಲಿಗೆ ಅವರ ಸಿಟ್ಟು ಗೇಟಿನ ಹತ್ತಿರದ ಬೀದಿನಾಯಿಗಳ ಮೇಲೆ. ಪಾಲಿಕೆಯವರು ಹಿಡಿದು ದೂರ ಬಿಡಲಿ ಅಂತ ಅವರ ಆಸೆ. ಕೇಂದ್ರ ಸರ್ಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಹಾಗಿಲ್ಲ: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಗುರುತಿಗೆ ಕಿವಿ ಸ್ವಲ್ಪ ಕತ್ತರಿಸಿರುತ್ತಾರೆ. ಗೇಟಿನ ಕಂದು ನಾಯಿಯ ಕಿವಿ ಜಗಳದಲ್ಲಿ ಹರಿದಿದೆ ಅಂತ ನಾನು ಸುಮ್ನೆ ಮರುಗುತ್ತಿದ್ದೆ! ಸಾಕುನಾಯಿಯ ಲಸಿಕೆ, ಜಂತುಹುಳದ ಔಷಧಿ, ಸಂತಾನಹರಣದ ಆಪರೇಷನ್ ಎಲ್ಲ ಮಾಲೀಕರದೇ ಜವಾಬ್ದಾರಿ. ರಾಜಾನ ಆಪರೇಷನ್ ಬಾಕಿಯಿದೆ, ಮುಂದಿನ ವಾರ ಕರೆದುಕೊಂಡು ಹೋಗುತ್ತೇನೆ.