ಸಹಾಯ ಬೇಕು: ಶಾಲೆಯಲ್ಲಿ ಮಾದರಿ ರಾಕೆಟ್ ಸಂಘ ಆರಂಭಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ತಂಪು ಪಾನೀಯದ ಬಾಟಲಿಗೆ ಮೂರನೇ ಒಂದು ಭಾಗ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಹಾರಿಸುವ ನೀರಿನ ರಾಕೆಟ್ ನಮ್ಮ ಮಕ್ಕಳಿಗೆ ಚೆನ್ನಾಗಿ ರೂಢಿಯಾಗಿದೆ. ಬಿರಡೆಯ ಸುತ್ತ ಗಾಳಿ ಸೋರುವುದೊಂದೇ ತಲೆನೋವು. ಈಗ ಘನ ಇಂಧನದ ಸಣ್ಣ ಮೋಟಾರು ಬಳಸುವ ಮಾದರಿ ರಾಕೆಟ್ ಸಂಘವೊಂದನ್ನು ಕಟ್ಟಬೇಕೆಂದಿದ್ದೇವೆ. ಅಮೆರಿಕದಲ್ಲಿ 1957ರಲ್ಲಿ ಆರಂಭವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದಂತೆ ಸಣ್ಣ ಮೋಟಾರನ್ನೂ ಕನಿಷ್ಠ 15 ಅಡಿ ದೂರದಿಂದ, ವಿದ್ಯುತ್ ಸ್ವಿಚ್ಚಿನ ಮೂಲಕವೇ ಹೊತ್ತಿಸಬೇಕು. ಅದನ್ನು ಪಾಲಿಸಲು ಸಿದ್ಧರಿದ್ದೇವೆ. ಇಂತಹ ಮೋಟಾರು ನಮ್ಮಲ್ಲಿ ಕಾನೂನುಬದ್ಧವಾಗಿ ಎಲ್ಲಿ ದೊರೆಯುತ್ತದೆ, ಹಾರಿಸಲು ಯಾರ ಅನುಮತಿ ಪಡೆಯಬೇಕು, ಮಕ್ಕಳಿಗೆ ಮಾರ್ಗದರ್ಶನ ನೀಡುವ ಹವ್ಯಾಸಿ ಸಂಘಗಳು ಕರ್ನಾಟಕದಲ್ಲಿ ಯಾವುವು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ಪಟಾಕಿಯ ಮದ್ದನ್ನು ಕೊಳವೆಗೆ ತುಂಬುವ ಸಲಹೆ ಮಾತ್ರ ಖಂಡಿತ ಬೇಡ.