ಗರ್ಭಕೋಶದ ಬಾಯಿಗೆ ಕ್ರಯೋಥೆರಪಿ ಮಾಡಿಸಿಕೊಂಡವರು ಇದ್ದೀರಾ?

ಪ್ರಶ್ನೆ:
ಪ್ಯಾಪ್ ಟೆಸ್ಟ್ (ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಸರಿ ಬರಲಿಲ್ಲ. ಬಯಾಪ್ಸಿಯಲ್ಲಿ ಸಿಐಎನ್ 2 ಅಂತ ಬಂತು, ಅಂದರೆ ಅಲ್ಲಿನ ಜೀವಕೋಶಗಳು ಬದಲಾಗಿವೆಯಂತೆ. ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಮುಂದೆ ಆಗಬಹುದು, ಆ ಜಾಗವನ್ನು ಫ್ರೀಜ್ ಮಾಡಿಬಿಡೋಣ ಅಂದರು ಡಾಕ್ಟರ್. ಅರಿವಳಿಕೆಯೂ ಬೇಡವಂತೆ. ಗುರುವಾರ ಹೋಗಬೇಕು. ನಿದ್ದೆ ಬರುತ್ತಿಲ್ಲ. ತುಂಬಾ ನೋಯುತ್ತಾ? ಮುಂದೆ ಮಗು ಆಗಲು ತೊಂದರೆ ಇದೆಯಾ?

ಉತ್ತರ 1:
ನಾನು ಮಾಡಿಸಿಕೊಂಡಿದ್ದೇನೆ. ಪ್ಯಾಪ್ ಟೆಸ್ಟ್‌ಗೆ ಮಲಗುವ ಹಾಗೇ ಮಲಗಬೇಕು. ಲೋಹದ ತುದಿಯೊಂದನ್ನು ಗರ್ಭಕೋಶದ ಬಾಯಿಗೆ ಒತ್ತಿ ಹಿಡಿಯುತ್ತಾರೆ. ಗ್ಯಾಸ್ ಹರಿದು ಅದು ತಣ್ಣಗಾಗುತ್ತದೆ. 3 ನಿಮಿಷ ಹಿಮ, 5 ನಿಮಿಷ ಬಿಡುವು, ಮತ್ತೆ 3 ನಿಮಿಷ. ಗ್ಯಾಸಿನ ಸುಯ್ ಸದ್ದು ಕೇಳುತ್ತಾ ಗೋಡೆ ಗಡಿಯಾರ ನೋಡುತ್ತಿದ್ದೆ. ಮುಟ್ಟಿನ ಮೊದಲ ದಿನ ಕಿಬ್ಬೊಟ್ಟೆ ಹಿಂಡುತ್ತದಲ್ಲ, ಅಷ್ಟೇ ನೋವು. ಎದ್ದಾಗ ತಲೆ ಸುತ್ತಿತು, ಹತ್ತು ನಿಮಿಷ ಕೂತು ಹೊರಟೆ.

ನನಗೆ ಯಾರೂ ಸರಿಯಾಗಿ ಹೇಳದೇ ಇದ್ದದ್ದು ಆಮೇಲಿನ ನೀರು. ಮರುದಿನವೇ ಶುರುವಾಯಿತು. ನೀರು ನೀರಾಗಿ, ಸ್ವಲ್ಪ ವಾಸನೆ, ದಿನಕ್ಕೆ ನಾಲ್ಕು ಪ್ಯಾಡ್. ಏನೋ ಎಡವಟ್ಟಾಗಿದೆ ಅಂತ ಅತ್ತುಬಿಟ್ಟೆ. ಸತ್ತ ಜೀವಕೋಶಗಳು ಹಾಗೇ ಹೊರಬರುತ್ತವಂತೆ. ನನಗೆ ಮೂರು ವಾರಕ್ಕೆ ನಿಂತಿತು. ಪ್ಯಾಡ್ ಈಗಲೇ ಜಾಸ್ತಿ ತಂದಿಡಿ. ಜ್ವರ, ಕೆಟ್ಟ ವಾಸನೆ, ಜೋರು ರಕ್ತ ಕಂಡರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಒಂದು ತಿಂಗಳು ಗಂಡ ಹೆಂಡತಿ ಸೇರುವುದು ಬೇಡ, ಟ್ಯಾಂಪೂನ್ ಕೂಡ ಬೇಡ.

ಮಗು ವಿಷಯ: ನನಗೆ ಆಮೇಲೆ ಮಗಳು ಹುಟ್ಟಿದಳು, ತಿಂಗಳು ತುಂಬಿಯೇ. ಇದರಲ್ಲಿ ಕತ್ತರಿಸಿ ತೆಗೆಯುವುದಿಲ್ಲ ಅಲ್ವಾ? ಬಸಿರಿರಬಹುದು ಅನಿಸಿದರೆ ಮೊದಲೇ ಹೇಳಿ, ಆಗ ಇದನ್ನು ಮಾಡುವುದಿಲ್ಲ.

ಉತ್ತರ 2:
ನಾನು ನರ್ಸ್. ಆ ಭಾಗ ಪೂರ್ತಿ ಕಣ್ಣಿಗೆ ಕಾಣಬೇಕು, ಒಳದಾರಿಗೆ ಹಬ್ಬಿರಬಾರದು. ಆಗಲೇ ಫ್ರೀಜ್ ಮಾಡುವುದು. ನಿಮ್ಮದು ಹಾಗಿದೆಯಾ ಅಂತ ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ಆಮೇಲಿನ ಟೆಸ್ಟ್ ಮಾತ್ರ ತಪ್ಪಿಸಬೇಡಿ. ಕೆಲವರಲ್ಲಿ ಮತ್ತೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಒಂದು ಮಾತು ಕೇಳಲೇ? ಇದು ಎಚ್‌ಪಿವಿ ವೈರಸ್‌ನಿಂದ, ಗಂಡು ಹೆಣ್ಣು ಸೇರುವುದರಿಂದ ಹರಡುತ್ತದೆ ಅಂದರು. ಅಂದಿನಿಂದ ಗಂಡನ ಮುಖ ನೋಡಲು ಆಗುತ್ತಿಲ್ಲ.

ಉತ್ತರ 1:
ನಾನೂ ಹಾಗೇ ಇದ್ದೆ. ಆ ವೈರಸ್ ಸದ್ದಿಲ್ಲದೆ ವರ್ಷಗಟ್ಟಲೆ ಮೈಯಲ್ಲಿರುತ್ತದೆ. ಯಾವಾಗ, ಯಾರಿಂದ ಬಂತು ಅಂತ ಹೇಳಲು ಆಗುವುದೇ ಇಲ್ಲ. ಸುಮ್ನೆ ಅವರನ್ನೂ ನಿಮ್ಮನ್ನೂ ಅನುಮಾನಿಸಬೇಡಿ. ಗುರುವಾರ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು:
ಹೋಗಿ ಬಂದೆ. ಅವರೂ ಬಂದಿದ್ದರು. ನೀವು ಹೇಳಿದಷ್ಟೇ ನೋವು. ಪ್ಯಾಡ್ ಮೊದಲೇ ತಂದಿಟ್ಟಿದ್ದೆ.